ಹೊಲ ಹಿಡಿದು ಹೋಗಿ, ಮುತ್ತಜ್ಜನ ಅಪ್ಪ ಸಿಗ್ತಾರೆ

ನಮ್ಮ ದಾವಣಗೆರೆ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡೋದು ರೂಢಿ. ಹಾಗಾಗಿ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಬರುತ್ತದೆ, ಸಾಲದ್ದಕ್ಕೆ ಒಂದೇ ಊರಲ್ಲಿ ನಾಲ್ಕು ಜನ ಹಾಲಪ್ಪ, ಐದು ಜನ ತಿಪ್ಪಣ್ಣ ಇರುತ್ತಾರೆ. ಮುತ್ತಜ್ಜನ ಅಪ್ಪ ಯಾರು ಅಂತ ಹುಡುಕಲು ಹೊರಟ ನಾನು ಬರೀ ಹೆಸರು ಹಿಡಿದು ಆರು ತಿಂಗಳು ಅಲೆದೆ. ಕೊನೆಗೆ ನೋಡಿದರೆ ಅದು ಬೇರೆಯೇ ಮನೆತನ. ಅದಕ್ಕೇ ಮೊದಲೇ ಹೇಳ್ತೀನಿ, ಹೆಸರು ಹಿಡಿದು ಹೋಗಬೇಡಿ. ಸರ್ವೆ ನಂಬರ್ ಹಿಡಿದು ಹೋಗಿ.

ಶುರು ಮಾಡೋದು ಮನೆಯಿಂದ. ಹಿರಿಯರನ್ನು ವಂಶದ ಬಗ್ಗೆ ಕೇಳಿದರೆ ಜಾಸ್ತಿ ಹೇಳಲ್ಲ, ಹೊಲದ ಬಗ್ಗೆ ಕೇಳಿದರೆ ಮಾತು ನಿಲ್ಲಿಸಲ್ಲ. ಕೆರೆ ಹಿಂದಿನ ಹೊಲ ಯಾರ ಪಾಲಿಗೆ ಬಂತು, ಯಾರು ಮಾರಿದರು, ಯಾಕೆ ಮಾರಿದರು, ಎಲ್ಲಾ ಬರೆದುಕೊಳ್ಳಿ. ‘ಧಾತು ಈಶ್ವರ ಬರದಲ್ಲಿ ಊರು ಬಿಟ್ಟು ಬಂದೋರು’ ಅಂತ ಯಾರಾದರೂ ಅಂದರೆ ಅದನ್ನೂ ಬಿಡಬೇಡಿ, ಅದು 1876ರಿಂದ 78ರವರೆಗಿನ ಬರ. ಟ್ರಂಕಿನಲ್ಲಿರುವ ಹಳೇ ಪತ್ರಗಳನ್ನೂ ಆಗಲೇ ನೋಡಿಬಿಡಿ.

ಆಮೇಲೆ ಭೂಮಿ ವೆಬ್‌ಸೈಟಿನಿಂದ ಈಗಿನ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಹೆಸರು, 10ನೇ ಕಾಲಂನಲ್ಲಿ ಆ ಹಕ್ಕು ಹೇಗೆ ಬಂತು ಅನ್ನೋದು ಇರುತ್ತದೆ. ಅಲ್ಲಿನ ಎಂ.ಆರ್. ನಂಬರ್ (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆ ಬರೆದಿಡುವ ಪುಸ್ತಕದ ನಂಬರ್) ಬರೆದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರ್, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರ್ ಪ್ರಕಾರದ ಜಮೀನಿನ ಪಟ್ಟಿ), ಇವುಗಳ ನಕಲು ಬೇಕು ಅಂತ ಸರ್ವೆ ನಂಬರ್ ಸಮೇತ ಬರೆಯಿರಿ. ಸುಮ್ನೆ ‘ಹಳೇ ದಾಖಲೆ’ ಅಂದರೆ ಯಾರೂ ಹುಡುಕಿ ಕೊಡಲ್ಲ.

ಮ್ಯುಟೇಶನ್‌ನಲ್ಲಿ ನಮಗೆ ಬೇಕಾದದ್ದು ಪೌತಿ ಖಾತೆ. ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾದಾಗ ಸತ್ತವರು ಯಾರು, ಮಕ್ಕಳು ಯಾರು, ಹೆಂಡತಿ ಇದ್ದರಾ, ಎಲ್ಲಾ ಒಂದೇ ಕಡೆ ಸಿಗುತ್ತದೆ. ಇಲ್ಲಿ ಎರಡು ಸಣ್ಣ ಪದ ಕಣ್ಣಿಗೆ ಬೀಳಬೇಕು. ‘ತಿಪ್ಪಣ್ಣ ಬಿನ್ ಹಾಲಪ್ಪ’ ಅಂದರೆ ಹಾಲಪ್ಪನ ಮಗ ತಿಪ್ಪಣ್ಣ. ‘ಕೋಂ’ ಅಂತ ಇದ್ದರೆ ಹೆಂಡತಿ.

ವಿಸ್ತೀರ್ಣವನ್ನೂ ಲೆಕ್ಕ ಹಾಕಿ, ಇದನ್ನು ಯಾರೂ ಮಾಡಲ್ಲ. ನಮ್ಮ ಸರ್ವೆ ನಂಬರ್ ಒಟ್ಟು 6 ಎಕರೆ 12 ಗುಂಟೆ. ಮುತ್ತಜ್ಜ ಮತ್ತು ಅವರ ತಮ್ಮನ ಹೆಸರಲ್ಲಿ ತಲಾ 2 ಎಕರೆ 4 ಗುಂಟೆ ಇತ್ತು. ಎಕರೆಗೆ 40 ಗುಂಟೆ ಅಲ್ವಾ, ಒಟ್ಟು 252 ಗುಂಟೆ, ಒಂದು ಪಾಲು 84. ಸರಿಯಾಗಿ ಮೂರು ಪಾಲು! ಅಂದರೆ ಇನ್ನೊಬ್ಬ ಅಣ್ಣನೋ ತಮ್ಮನೋ ಇರಲೇಬೇಕು. ಆ ಮೂರನೇ ಪಾಲು ಬೇರೆಯವರಿಗೆ ಕ್ರಯ ಆಗಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಕ್ರಯಪತ್ರದ ನಕಲು ತೆಗೆಸಿದಾಗ, ಮಾರಿದವರ ಹೆಸರಿನ ಮುಂದೆ ‘ಬಿನ್’ ಅಂತ ಇದ್ದದ್ದು ಮುತ್ತಜ್ಜನ ಹೆಸರಿನ ಮುಂದೆ ಇದ್ದ ಅದೇ ಅಪ್ಪನ ಹೆಸರು. ಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆಯೋ ಕಡೆ, ಪಶ್ಚಿಮಕ್ಕೆ ಮುತ್ತಜ್ಜನ ಹೊಲ ಅಂತಲೂ ಬರೆದಿತ್ತು. ಒಂದು ಕಾಗದ ತಪ್ಪಿರಬಹುದು. ಬೇರೆಬೇರೆ ಕಡೆ ಬರೆದ ಎರಡು ಕಾಗದ ಒಂದೇ ಮಾತು ಹೇಳಿದರೆ ನಂಬಬಹುದು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರಿನ ಪ್ರಕಾರ ಒಂದು ಇಂಡೆಕ್ಸ್, ಆಸ್ತಿಯ ಪ್ರಕಾರ ಇನ್ನೊಂದು ಇಂಡೆಕ್ಸ್ ಇರುತ್ತದೆ. ಆಸ್ತಿಯದ್ದನ್ನೇ ಕೇಳಿ. ವಿಭಾಗ ಪತ್ರ ಸಿಕ್ಕರೆ ಇಡೀ ಮನೆತನವೇ ಸಿಕ್ಕ ಹಾಗೆ. ಹಳೇ ಪತ್ರಗಳಲ್ಲಿ ಇಸವಿ ಬದಲು ಸಂವತ್ಸರ ಮಾತ್ರ ಇದ್ದರೆ ಹುಷಾರು, ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ ಅಂದರೆ 1867ರದ್ದೂ ಆಗಬಹುದು, 1927ರದ್ದೂ ಆಗಬಹುದು.

ಜಿಲ್ಲೆಯ ಗಡಿಯೂ ತಲೆಯಲ್ಲಿರಲಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಹಿಂದೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಹರಪನಹಳ್ಳಿ ಆಗ ಬಳ್ಳಾರಿಗೆ ಸೇರಿತ್ತು, 1953ರವರೆಗೆ ಮದ್ರಾಸ್ ಆಡಳಿತ. ಹಳೇ ಇಂಗ್ಲಿಷ್ ಕಾಗದದಲ್ಲಿ ಚಿತ್ರದುರ್ಗವನ್ನು ‘ಚಿತಲ್‌ದ್ರುಗ್’ ಅಂತ ಬರೆದಿರುತ್ತಾರೆ.

ಕ್ರೈಸ್ತ ಮನೆತನದವರಿಗೆ ಇನ್ನೊಂದು ದಾರಿ ಇದೆ. ಚರ್ಚಿನ ಜ್ಞಾನಸ್ನಾನದ ರಿಜಿಸ್ಟರ್‌ನಲ್ಲಿ ಅಪ್ಪ, ಅಮ್ಮ ಇಬ್ಬರ ಹೆಸರೂ ಇರುತ್ತದೆ. ಕಥೋಲಿಕರ ಹಳೇ ದಾಖಲೆ ಲ್ಯಾಟಿನ್‌ನಲ್ಲಿದ್ದರೆ ‘ಫಿಲಿಯುಸ್’ ಅಂದರೆ ಮಗ, ‘ಫಿಲಿಯಾ’ ಅಂದರೆ ಮಗಳು. ‘ಯೋಸೆಫಿ’ ಅಂತ ಇದ್ದರೆ ಅದು ಬೇರೆ ಹೆಸರಲ್ಲ, ಜೋಸೆಫನ ಅಂತ ಅರ್ಥ. ಅಂಚಿನಲ್ಲಿ ಬರೆದಿದ್ದನ್ನೂ ಓದಿ, ಮುಂದೆ ಆದ ಮದುವೆಯನ್ನು ಅಲ್ಲೇ ಗುರುತು ಹಾಕುತ್ತಾರೆ. ನಿಮ್ಮ ಚರ್ಚು ಹೊಸದಾದರೆ ಅದು ಮೊದಲು ಯಾವ ಚರ್ಚಿಗೆ ಸೇರಿತ್ತು ಅಂತ ಫಾದರನ್ನು ಕೇಳಿ, ಹಳೇ ಪುಸ್ತಕ ಅಲ್ಲಿರಬಹುದು.

ಉಳಿದವರು, ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರು ಮನೆಗೆ ಬಂದಾಗ ಬರೀ ಕಾಳು ಕೊಟ್ಟು ಕಳಿಸಬೇಡಿ. ಕೂರಿಸಿ, ಅವರು ಓದುವ ವಂಶಾವಳಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಪೌತಿ ಖಾತೆ ಪಕ್ಕ ಇಟ್ಟು ತಾಳೆ ನೋಡಿ.

ಕಷ್ಟ ಆಗೋದು ಹೆಣ್ಣುಮಕ್ಕಳ ವಿಷಯದಲ್ಲಿ. ಗಂಡ ಬದುಕಿರುವವರೆಗೆ ಹೊಲದ ಕಾಗದದಲ್ಲಿ ಅವರ ಹೆಸರು ಬರೋದೇ ಅಪರೂಪ. ಹಾಗಾಗಿ ‘ಮೈನರ್’ ಅನ್ನೋ ಪದ ಹುಡುಕಿ. ಅಪ್ಪ ಬೇಗ ತೀರಿಕೊಂಡಿದ್ದರೆ ಗಾರ್ಡಿಯನ್ ಅಂತ ತಾಯಿಯ ಹೆಸರು ಬರುತ್ತದೆ. ಮುತ್ತಜ್ಜನ ತಾಯಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪನ ಟ್ರಂಕಿನಲ್ಲಿದ್ದ ಒಂದು ಭೋಗ್ಯ ಪತ್ರದ ಕೊನೆಯಲ್ಲಿ ಸಿಕ್ಕಿತು. ಪತ್ರ ಬರೆದವರು ದುಂಡಗೆ ಅವರ ಹೆಸರು ಬರೆದಿದ್ದರು, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ಮಸಿ ಮಾಸಿತ್ತು, ಗೆರೆಗಳು ಮಾತ್ರ ಇನ್ನೂ ಕಾಣುತ್ತಿದ್ದವು.