ಮಲೆನಾಡಿನ ಜೀಪನ್ನು ಅಂಗೈ ಅಳತೆಗೆ ಇಳಿಸಿದ್ದು

ಕಾರಿನ ಮಾದರಿ ಮಾಡುವವರು ಸಾಮಾನ್ಯವಾಗಿ ಫೆರಾರಿ, ಪೋರ್ಶೆ, ಮಸ್ಟಾಂಗ್ ಅಂತ ಶುರು ಮಾಡುತ್ತಾರೆ. ಬಿಡಿಭಾಗ ಜೋಡಿಸುವ ಕಿಟ್ ಹೆಚ್ಚಾಗಿ ಸಿಗುವುದೂ ಅಂಥವಕ್ಕೇ. ನನಗೆ ಬೇಕಾಗಿದ್ದು ನಮ್ಮ ಕಡೆಯ ಜೀಪು. ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟದ ಮನೆಗಳಲ್ಲಿ ಅಡಿಕೆ ಮೂಟೆ, ಗೊಬ್ಬರ, ನೆಂಟರಿಷ್ಟರು, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗಬೇಕಾದವರು, ಎಲ್ಲರನ್ನೂ ಹೊತ್ತ ಜೀಪು. ಕೊಡಚಾದ್ರಿ ಹತ್ತುವ ಜೀಪು. ಹಳೇ ಗಾಡಿಗಳ ಹುಚ್ಚು ಇರುವವರಿಗೆ ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಕ್ಲಾಸಿಕ್ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜೀಪಿನ ಕಿಟ್ ಸಿಗುವುದಿಲ್ಲವಾ ಅಂತ ಕೇಳಬಹುದು. ಸಿಗುತ್ತದೆ, ಆದರೆ ಹೆಚ್ಚಿನವು ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಅನ್ನುವ ಮಿಲಿಟರಿ ಜೀಪಿನವು. ಮಹೀಂದ್ರಾದವರು ನಮ್ಮಲ್ಲಿ ದಶಕಗಳ ಕಾಲ ಮಾಡಿದ್ದು ಸಿಜೆ-3ಬಿ ಅನ್ನುವ ಜೀಪು. ಅಮೆರಿಕದಲ್ಲಿ ಅದು 1953ರಲ್ಲಿ ಬಂತು, 1968ರ ತನಕ ತಯಾರಾಯಿತು. ಅದರ ಹರಿಕೇನ್ ಎಂಜಿನ್‌ನಲ್ಲಿ ಇನ್‌ಲೆಟ್ ವಾಲ್ವ್ ಮೇಲೆ ಹೆಡ್‌ನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕ್‌ನಲ್ಲಿದೆ. ಹಾಗಾಗಿ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ಮುಂದಿನಿಂದ ನೋಡಿದರೆ ಗ್ರಿಲ್‌ನಲ್ಲಿ ಏಳು ಸೀಳು. ಯುದ್ಧದ ಜೀಪಿನ, ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಗ್ರಿಲ್‌ನಲ್ಲಿ ಒಂಬತ್ತು ಇರುತ್ತಿದ್ದವು, ಬಾನೆಟ್ಟೂ ತಗ್ಗು. ಮಿಲಿಟರಿ ಕಿಟ್ ತಂದು ಬಣ್ಣ ಬದಲಿಸಿದರೆ ನಮ್ಮೂರಿನ ಜೀಪು ಆಗುವುದಿಲ್ಲ. ಜೀಪು ಓಡಿಸಿದ ಯಾರಿಗೇ ತೋರಿಸಿ, ಮೂತಿ ನೋಡಿದ ತಕ್ಷಣ ಹೇಳಿಬಿಡುತ್ತಾರೆ.

ಹಾಗಾಗಿ ಮೊದಲಿನಿಂದ ನಾನೇ ಮಾಡುವುದು ಅಂತ ತೀರ್ಮಾನಿಸಿದೆ. ಅಳತೆ 1:24. ಈ ಅಳತೆಯ ಹಿಂದೆ ಸರಳ ಲೆಕ್ಕ ಇದೆ: ನಿಜವಾದ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ಇಂಚು. ನಮ್ಮ ಗ್ಯಾರೇಜಿನವರು, ಬಡಗಿಗಳು ಇವತ್ತಿಗೂ ಅಡಿ, ಇಂಚಲ್ಲೇ ಮಾತಾಡುವುದರಿಂದ ಇದು ಬಹಳ ಅನುಕೂಲ.

ಪಕ್ಕದ ಊರಿನ ಒಂದು ತೋಟದ ಮನೆಯಲ್ಲಿ ಹಳೇ ಜೀಪು ಈಗಲೂ ದಿನಾ ಕೆಲಸ ಮಾಡುತ್ತದೆ. ಟೇಪು, ನೋಟ್ ಪುಸ್ತಕ ಹಿಡಿದು ಹೋದೆ. ಯಜಮಾನರು ಕವಳ ಹಾಕುತ್ತಾ ಕೂತಿದ್ದವರು, "ಎಂತ ಮಾರಾಯ, ತಗಳಕ್ಕೆ ಬಂದ್ಯಾ?" ಅಂದರು. "ಇಲ್ಲ ಅಣ್ಣ, ಇದರ ಚಿಕ್ಕದೊಂದು ಮಾಡ್ಬೇಕು, ಅಳತೆ ಸಾಕು" ಅಂದೆ. ಆಮೇಲೆ ಟೇಪಿನ ಇನ್ನೊಂದು ತುದಿ ಹಿಡಿದದ್ದು ಅವರೇ. ಯಾವ ಮಡ್‌ಗಾರ್ಡ್ ಮೂಲದ್ದು, ಯಾವುದನ್ನು ಶಿವಮೊಗ್ಗದಲ್ಲಿ ಹೊಸದಾಗಿ ಬಡಿಸಿದ್ದು, ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದಾಗ ಎಲ್ಲಿ ಹೊಸ ಬ್ರಾಕೆಟ್ ಬೆಸುಗೆ ಹಾಕಿಸಿದ್ದು, ಎಲ್ಲ ತೋರಿಸಿದರು. ಇವು ಇಂಟರ್ನೆಟ್‌ನ ನಕ್ಷೆಯಲ್ಲಿ ಸಿಗುವುದಿಲ್ಲ. ನಕ್ಷೆಯಲ್ಲಿರುವುದು ಕಾರ್ಖಾನೆಯಿಂದ ಹೊರಬಂದ ಜೀಪು. ನಾನು ಮಾಡಹೊರಟಿದ್ದು ಆ ಅಂಗಳದಲ್ಲಿ ನಿಂತಿದ್ದ ಜೀಪು.

ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 80 ಇಂಚು, ಅಂದರೆ 2032 ಮಿಲಿಮೀಟರ್. 24ರಿಂದ ಭಾಗಿಸಿದರೆ ಹೆಚ್ಚುಕಡಿಮೆ 84.7. ಎಟಿಎಂ ಕಾರ್ಡಿನ ಉದ್ದ 85.6. ಇದು ಗೊತ್ತಾದಾಗ ಆದ ಖುಷಿ ಇನ್ನೂ ನೆನಪಿದೆ, ಯಾಕೆಂದರೆ ಜೀಪಿನ ಬಾಡಿ ಮಾಡಲು ನಾನು ಆರಿಸಿದ್ದು ಅದನ್ನೇ. ಅವಧಿ ಮುಗಿದ ಕಾರ್ಡು, ಹಳೇ ಐಡಿ ಕಾರ್ಡು. ಹೆಚ್ಚಿನವು ಪಿವಿಸಿ, ದಪ್ಪ 0.76 ಮಿಲಿಮೀಟರ್, ಚಪ್ಪಟೆ, ಬ್ಲೇಡಿನ ಮಾತು ಚೆನ್ನಾಗಿ ಕೇಳುತ್ತದೆ. ಚಿಪ್ ಮತ್ತು ನಂಬರ್ ಇರುವ ಭಾಗವನ್ನು ಮೊದಲು ಕತ್ತರಿಸಿ ಬಿಸಾಡಿ. ಅಂಟಿಗೂ ದೂರ ಹೋಗಬೇಕಿಲ್ಲ. ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ಜೋಡಿಸುವ ಸಾಲ್ವೆಂಟ್ ಡಬ್ಬಿ ನಮ್ಮಲ್ಲಿ ಯಾವ ಮನೆಯಲ್ಲಿಲ್ಲ ಹೇಳಿ? ಅದು ಪಿವಿಸಿಯನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ, ಸುಮ್ನೆ ಮೇಲೆ ಅಂಟಿ ನಿಲ್ಲುವುದಲ್ಲ. ಸೂಜಿಯ ತುದಿಯಲ್ಲಿ ಒಂದು ಹನಿ ಸಾಕು. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ವಾಸನೆ ತಲೆಗೆ ಹತ್ತುತ್ತದೆ.

ಜೀಪಿನ ದೊಡ್ಡ ಅನುಕೂಲ ಅಂದರೆ ಅದರ ತಗಡು ಬಹುಪಾಲು ಚಪ್ಪಟೆ. ಆದರೆ ದಪ್ಪದ ವಿಷಯದಲ್ಲಿ ಹುಷಾರಾಗಿರಬೇಕು. 0.76ನ್ನು 24ರಿಂದ ಗುಣಿಸಿ ನೋಡಿ, 18 ಮಿಲಿಮೀಟರ್ ದಾಟುತ್ತದೆ. ಅಷ್ಟು ದಪ್ಪದ ತಗಡು ಯಾವ ಜೀಪಿಗೂ ಇಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಅಂಚುಗಳನ್ನೆಲ್ಲ, ಅಂದರೆ ಹತ್ತಿ ಇಳಿಯುವ ಜಾಗ, ಮಡ್‌ಗಾರ್ಡಿನ ತುದಿ, ಹಿಂದಿನ ಬಾಗಿಲ ಮೇಲ್ಭಾಗ, ಒಳಗಿನಿಂದ ಓರೆಯಾಗಿ ಉಜ್ಜಿ ತೆಳ್ಳಗೆ ಮಾಡುತ್ತೇನೆ. ನುಣುಪು ಮಾಡುವ 400 ನಂಬರಿನ ವಾಟರ್ ಪೇಪರ್‌ನಿಂದ ಶುರು ಮಾಡಿ 1000ಕ್ಕೆ ಮುಗಿಸುತ್ತೇನೆ. ಹೊರಗಿನಿಂದ ನೋಡಿದವರಿಗೆ ಅಂಚು ಮಾತ್ರ ಕಾಣುತ್ತದೆ, ಕಣ್ಣು ಇಡೀ ಬಾಡಿ ತೆಳು ತಗಡಿನದೇ ಅಂತ ಒಪ್ಪಿಕೊಳ್ಳುತ್ತದೆ. ಈ ಹವ್ಯಾಸದಲ್ಲಿ ನನಗೆ ಅತಿ ಇಷ್ಟದ ಕೆಲಸ ಇದು. ಗ್ರಿಲ್‌ಗೆ ಪ್ರತಿ ಸೀಳಿನ ಮೇಲೊಂದು ಕೆಳಗೊಂದು ತೂತು ಕೊರೆದು, ನಡುವೆ ಹೊಸ ಬ್ಲೇಡಿನಿಂದ ಕೊಯ್ದೆ. ಅವಸರ ಮಾಡಬಾರದು, ಅಷ್ಟೇ.

ಟೈರು 6.00-16, ಅಂದರೆ ಆರು ಇಂಚು ಅಗಲ, 16 ಇಂಚಿನ ರಿಮ್. ಮಾದರಿಯಲ್ಲಿ ಅಗಲ ಆರು ಮಿಲಿಮೀಟರ್ ಚಿಲ್ಲರೆ, ಎತ್ತರ ಸುಮಾರು 30. ಫ್ಲೆಕ್ಸ್ ಅಂಗಡಿಯವರು ಬೋರ್ಡಿಗೆ ಬಳಸುವ ಮೂರು ಮಿಲಿಮೀಟರಿನ ಸನ್‌ಬೋರ್ಡ್ ತುಂಡುಗಳನ್ನು ದುಂಡಗೆ ಕತ್ತರಿಸಿ ಎರಡೆರಡು ಜೋಡಿಸಿದರೆ ಅಗಲ ಸರಿಹೋಗುತ್ತದೆ. ಸುತ್ತ ಕಾರ್ಡಿನ ಸಣ್ಣ ಚೂರುಗಳನ್ನು ಅಂಟಿಸಿ ಹಲ್ಲು ಮಾಡಿದೆ. ಒಂದನ್ನು ಚೆನ್ನಾಗಿ ಮಾಡಿ, ಸಿಲಿಕೋನ್ ಅಚ್ಚು ತೆಗೆದು, ಸ್ಟೆಪ್ನಿ ಸೇರಿ ಐದನ್ನೂ ಸುರಿದರೆ ಗಟ್ಟಿಯಾಗುವ ರೆಸಿನ್‌ನಲ್ಲಿ ಎರಕ ಹೊಯ್ದೆ.

ಇನ್ನು ಬಣ್ಣ. ಬಯಲುಸೀಮೆಯವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಗೋಡೆಯೇ ಬೆವರುತ್ತದೆ. ಆಗ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದರೆ ಥಿನ್ನರ್ ಬೇಗ ಹಾರುತ್ತಾ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಶಿವಮೊಗ್ಗದ ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವ ಅಣ್ಣ ಒಬ್ಬರು ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಸ್ವಲ್ಪ ಸೇರಿಸಲು ಹೇಳಿಕೊಟ್ಟರು. ಉಪಯೋಗಕ್ಕೆ ಬರುತ್ತದೆ. ಆದರೂ ನಾನು ವರ್ಷವನ್ನೇ ಹಂಚಿಕೊಂಡಿದ್ದೇನೆ: ಮಳೆಗಾಲದಲ್ಲಿ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು. ಬಣ್ಣ ದೀಪಾವಳಿ ಕಳೆದ ಮೇಲೆ, ಅದೂ ಇಬ್ಬನಿ ಆರಿ ಹನ್ನೊಂದು ಗಂಟೆ ಆದ ನಂತರ. ಆಗ ಅಡಿಕೆ ಕೊಯ್ಲಿನ ಗಡಿಬಿಡಿ ಬೇರೆ, ಹಾಗಾಗಿ ಭಾನುವಾರಗಳೇ ಗತಿ. ಥಿನ್ನರ್ ಪಿವಿಸಿಯನ್ನೂ ತಿನ್ನುತ್ತದೆ, ಆದ್ದರಿಂದ ಪ್ರೈಮರನ್ನು ಒಂದೇ ಸಲ ದಪ್ಪಗೆ ಹೊಡೆಯದೆ ಮಂಜು ಬಿದ್ದಂತೆ ತೆಳ್ಳಗೆ ಹಲವು ಸಲ ಹೊಡೆಯುತ್ತೇನೆ. ಬಚ್ಚಲ ಒಲೆ ಹತ್ತಿರ ಇಟ್ಟು ಒಣಗಿಸುವ ಯೋಚನೆ ಮಾತ್ರ ಯಾರೂ ಮಾಡಬೇಡಿ. ಥಿನ್ನರ್ ಆವಿಗೆ ಒಂದು ಕಿಡಿ ಸಾಕು.

ಟಾರ್ಪಾಲಿನ ಹೊದಿಕೆಗೆ ಟಿಶ್ಯೂ ಕಾಗದ. ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ತಂತಿಯ ಕಮಾನಿನ ಮೇಲೆ ಹಾಸಿ, ಒದ್ದೆ ಇರುವಾಗಲೇ ಕುಂಚದ ಹಿಂಬದಿಯಿಂದ ನೆರಿಗೆ ಎಳೆಯುತ್ತೇನೆ. ಕಮಾನಿನ ಮೇಲೆ ಬಿಗಿ, ಎರಡು ಕಮಾನಿನ ನಡುವೆ ಸ್ವಲ್ಪ ಜೋಲು. ನಿಜವಾದ ಜೀಪಿನಲ್ಲಿ ಮಳೆ ನೀರು ನಿಲ್ಲುವುದೇ ಆ ಜೋಲಿನಲ್ಲಿ, ಕಲೆಯೂ ಅಲ್ಲೇ ದಟ್ಟವಾಗಿರುತ್ತದೆ. ಆ ಕಲೆಗೆ ಅಂಗಡಿಯ ಬಣ್ಣಗಳು ನನಗೆ ಒಪ್ಪಲಿಲ್ಲ. ಅಡಿಕೆ ಬೇಯಿಸಿದ ಚೊಗರನ್ನೇ ನೀರಾಗಿಸಿ ಜೋಲಿನಲ್ಲಿ ಹನಿ ಬಿಟ್ಟೆ. ಅಂಚಿನಲ್ಲಿ ಗಾಢ, ನಡುವೆ ತಿಳಿ. ಅಡಿಕೆ ಹೊತ್ತು ಹೊತ್ತು ಹಳತಾದ ಟಾರ್ಪಾಲಿನ ಬಣ್ಣ ಅದೇ ಅಲ್ವಾ!

ಕೆಂಪು ಮಣ್ಣಿಗೂ ಒಂದು ಕ್ರಮ ಇದೆ. ಅಂಗಳದ ಮಣ್ಣನ್ನು ಒಣಗಿಸಿ, ನುಣ್ಣಗೆ ಅರೆದು, ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಹರಳು ಉಳಿದರೆ ಈ ಅಳತೆಯಲ್ಲಿ ಜಲ್ಲಿಕಲ್ಲು ಅಂಟಿದ ಹಾಗೆ ಕಾಣುತ್ತದೆ. ಮ್ಯಾಟ್ ವಾರ್ನಿಷ್‌ನಲ್ಲಿ ಕಲಸಿ ಎಲ್ಲ ಕಡೆ ಬಳಿಯುವುದಲ್ಲ. ಚಕ್ರದ ಹಿಂದೆ ಹೆಚ್ಚು, ಬಾನೆಟ್ ಮೇಲೆ ಬರೀ ಧೂಳು. ಡ್ರೈವರ್ ಕಾಲಿಡುವ ಜಾಗದಲ್ಲಿ ಮಣ್ಣೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ, ಸವೆದು ಹೊಳೆಯುವ ತಗಡು ಇರುತ್ತದೆ. ಅದಕ್ಕೆ ಮೆತ್ತನೆಯ ಪೆನ್ಸಿಲ್ ಸೀಸ ಉಜ್ಜಿದೆ.

ಹೊಳೆಯುವ ಹಳೇ ಕಾರುಗಳೂ ನನಗೆ ಇಷ್ಟವೇ. ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ ಹೋದರೆ ಕ್ರೋಮ್ ಪಟ್ಟಿ, ಹಿಡಿಕೆ, ದೀಪದ ಸುತ್ತಿನ ಫೋಟೋ ತೆಗೆಯುತ್ತಾ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಆದರೆ ನಮ್ಮ ಜೀಪುಗಳ ಪಾಡು ಬೇರೆ. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಣಿಯಾಗಲು ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಆಗ ನಂಬರಿನಲ್ಲಿ ವಿಎ ಅಕ್ಷರ ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಎಂಜಿನ್ ಬದಲಾಗಿ ಇವತ್ತಿಗೂ ಗೊಬ್ಬರ ಹೊರುವ ಜೀಪು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಅದಕ್ಕೇ ಬಿಡುವಿದ್ದಾಗೆಲ್ಲ ಟೇಪು ಹಿಡಿದು ಹೊರಡುತ್ತೇನೆ. ಬದಲಾದ ಎಂಜಿನ್ನು, ಊರಲ್ಲೇ ಬೆಸುಗೆ ಹಾಕಿಸಿದ ಕ್ಯಾರಿಯರ್ರು, ಮನೆಯಲ್ಲೇ ಹೊಲಿದ ಸೀಟು, ಇವುಗಳ ಅಳತೆ ಬೇರೆ ಯಾರೂ ಬರೆದಿಟ್ಟಿಲ್ಲ.

ಈಗ ಅಂಬಾಸಿಡರ್ ಹಿಡಿದಿದ್ದೇನೆ. ಚಕ್ರದ ನಡುವೆ 2464 ಮಿಲಿಮೀಟರ್, ನನ್ನ ಅಳತೆಗೆ 102.7. ಅದರಲ್ಲಿ ಚಪ್ಪಟೆ ಜಾಗವೇ ಇಲ್ಲ, ಕಾರ್ಡು ನಡೆಯುವುದಿಲ್ಲ. ಸಾಗರದ ಗುಡಿಗಾರರು ಕೆತ್ತನೆಗೆ ಬಳಸುವ ಶಿವನೆ ಮರದ ತುಂಡು ತಂದಿದ್ದೇನೆ. ಬಾಡಿಯನ್ನು ಮರದಲ್ಲಿ ಕೆತ್ತಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆಯುವುದು ಅಂತ ಯೋಜನೆ. ಹಿಂದಿನ ಮಡ್‌ಗಾರ್ಡು ಬಾಗಿಲಿಗೆ ಬಂದು ಸೇರುವ ತಿರುವು ಇನ್ನೂ ಕೈಗೆ ಹತ್ತಿಲ್ಲ. ಅದೊಂದನ್ನು ನೋಡಲೆಂದೇ ಬರುವ ಭಾನುವಾರ ತೀರ್ಥಹಳ್ಳಿಯ ಹಳೇ ಟ್ಯಾಕ್ಸಿಯವರೊಬ್ಬರ ಮನೆಗೆ ಹೋಗುತ್ತಿದ್ದೇನೆ.