ಸೀಟಿನ ಹಿಂದಿದ್ದ ಪೆಟ್ರೋಲ್ ಟ್ಯಾಂಕನ್ನು ಬೆಡ್ ಅಡಿಗೆ ಕಳಿಸಿದ್ದು: ನನ್ನ ಅನುಭವ

ಗಾಡಿ 1970ರ ಷೆವ್ರೊಲೆ ಸಿ10 ಪಿಕಪ್. ಲಾಂಗ್ ಬೆಡ್ (ಸಾಮಾನು ಹೇರುವ ಉದ್ದನೆಯ ತೊಟ್ಟಿ), 350 ವಿ8 ಎಂಜಿನ್, ಕಾರ್ಬುರೇಟರ್. ಟ್ಯಾಂಕು ಕಂಪನಿಯವರು ಕೂರಿಸಿದ ಜಾಗದಲ್ಲೇ ಇತ್ತು, ಅಂದರೆ ಕ್ಯಾಬ್ ಒಳಗೆ, ಸೀಟಿನ ಬೆನ್ನಿಗೆ ಅಂಟಿಕೊಂಡು. ಈಗ ಅದು ಬೆಡ್ ಕೆಳಗೆ, ಹಿಂದಿನ ಆಕ್ಸಲ್ ಹೌಸಿಂಗಿನ ಹಿಂದೆ, ಗಾಡಿಯ ಉದ್ದಕ್ಕೂ ಹೋಗುವ ಎರಡು ಚಾಸಿ ಚಾನೆಲ್‌ಗಳ ನಡುವೆ ಇದೆ. ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪೇ ಅಷ್ಟು ದೂರದಿಂದ ಪೆಟ್ರೋಲ್ ಎಳೆಯುತ್ತಿದೆ. ಕೊನೆಗೆ ಎಲ್ಲ ಸರಿಹೋದ ಮೇಲೆ ಅಮೆರಿಕದ ಡಲ್ಲಾಸ್ ಕಡೆಯ ಎರಡು ಬೇಸಿಗೆ ಕಳೆದಿದೆ, ಗಾಡಿ ದಾರಿಯಲ್ಲಿ ನಿಂತಿಲ್ಲ. "ಎಲೆಕ್ಟ್ರಿಕ್ ಪಂಪ್ ಹಾಕದೆ ಆಗಲ್ಲ ಬಿಡಿ ಸಾರ್" ಎಂದವರು ಒಬ್ಬಿಬ್ಬರಲ್ಲ. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಟ್ಯಾಂಕು ಕ್ಯಾಬ್ ಒಳಗಿದ್ದರೆ ಏನು ತೊಂದರೆ ಅಂತ ಈ ಮಾದರಿಯ ಗಾಡಿ ಇಟ್ಟವರಿಗೆ ಹೇಳಬೇಕಾಗಿಲ್ಲ. ಇಪ್ಪತ್ತು ಗ್ಯಾಲನ್, ಸುಮಾರು 75 ಲೀಟರ್ ಪೆಟ್ರೋಲು ಬೆನ್ನ ಹಿಂದೆ. ಬ್ರೇಕ್ ಹಾಕಿದಾಗಲೆಲ್ಲ ಗುಳುಗುಳು ಸದ್ದು. ಬಿಸಿಲಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ಮುಖಕ್ಕೆ ಹೊಡೆಯುವ ವಾಸನೆ. ನಮ್ಮ ಹಾಸನದ ತೋಟದಲ್ಲಿದ್ದ ಮಹೀಂದ್ರ ಜೀಪಿನಲ್ಲಿ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲೇ ಇತ್ತು, ಹಾಗಾಗಿ ಆ ವಾಸನೆ ನನಗೆ ಹೊಸದಲ್ಲ. ಆದರೆ ಜೀಪಿಗೆ ಬಾಗಿಲೇ ಇರಲಿಲ್ಲ, ಗಾಳಿ ಆಡುತ್ತಿತ್ತು. ಇಲ್ಲಿ ಗಾಜು ಏರಿಸಿಕೊಂಡು ಕೂರಬೇಕು. ನನ್ನ ಹೆಂಡತಿ ಒಂದು ಸಲ ಕೂತು ಬಂದವಳು ಮತ್ತೆ ಹತ್ತಲಿಲ್ಲ. "ಆ ಸೀರೆ ಎರಡು ಸಲ ಒಗೆದರೂ ವಾಸನೆ ಹೋಗಿಲ್ಲ" ಎಂದು ಈಗಲೂ ಹೇಳುತ್ತಾಳೆ.

ಮೊದಲು ಟ್ಯಾಂಕನ್ನು ಅಲ್ಲೇ ಉಳಿಸಿಕೊಂಡು ವಾಸನೆ ನಿಲ್ಲಿಸಲು ನೋಡಿದೆ. ಸೆಂಡರ್ (ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಮೀಟರಿಗೆ ತಿಳಿಸುವ ಭಾಗ, ಪೆಟ್ರೋಲ್ ಎಳೆಯುವ ಪೈಪೂ ಅದರಲ್ಲೇ) ಗ್ಯಾಸ್ಕೆಟ್ ಹೊಸದು, ಪೆಟ್ರೋಲ್ ತುಂಬುವ ಫಿಲ್ಲರ್ ಕೊಳವೆಯ ರಬ್ಬರ್ ಬುಷ್ ಹೊಸದು, ಹೋಸ್ ಹೊಸದು, ಮುಚ್ಚಳ ಹೊಸದು. ಕೊನೆಗೆ ಟ್ಯಾಂಕೇ ಹೊಸದು, ಸುಮಾರು 220 ಡಾಲರ್. ಎಲ್ಲ ಸೇರಿ 350ರ ಹತ್ತಿರ ಹೋಯಿತು. ಒಂದೆರಡು ತಿಂಗಳು ಚೆನ್ನಾಗಿತ್ತು. ಜುಲೈ ಬಂತು, ಬಿಸಿಲು 40 ಡಿಗ್ರಿ ದಾಟಿತು, ವಾಸನೆ ಮತ್ತೆ ಶುರು. ಟ್ಯಾಂಕು ಬಿಸಿಯಾದರೆ ಆವಿ ಎಲ್ಲಿಂದಾದರೂ ದಾರಿ ಮಾಡಿಕೊಳ್ಳುತ್ತದೆ. ಅಲ್ಲಿಗೆ ಆ ಜಾಗದ ಮೇಲಿನ ಆಸೆ ಬಿಟ್ಟೆ.

ಹಾಗಾದರೆ ಎಲ್ಲಿ ಇಡುವುದು? ನಮ್ಮೂರಿನ ಲಾರಿಗಳ ಹಾಗೆ ಚಾಸಿ ಪಕ್ಕಕ್ಕೆ ಪಟ್ಟಿ ಹಾಕಿ ನೇತು ಹಾಕುವುದು ಎಲ್ಲಕ್ಕಿಂತ ಸುಲಭ. ಜಾಗವೂ ಇದೆ. ಷೆವ್ರೊಲೆಯ ಒಡೆಯರಾದ ಜಿಎಂ ಕಂಪನಿಯವರೂ 1973ರಿಂದ 1987ರವರೆಗಿನ ದೊಡ್ಡ ಪಿಕಪ್‌ಗಳಲ್ಲಿ ಟ್ಯಾಂಕನ್ನು ಚಾನೆಲ್‌ನ ಹೊರಗೇ ಇಟ್ಟರು. ಪಕ್ಕದಿಂದ ಗುದ್ದಿದಾಗ ಬೆಂಕಿ ಹತ್ತುತ್ತದೆ ಎಂದು ಅದು ದೊಡ್ಡ ರಂಪವಾಗಿ, 1994ರಲ್ಲಿ ಸರ್ಕಾರದ ಜೊತೆ ರಾಜಿಯಾಗಿ, ಸುರಕ್ಷತೆಯ ಕೆಲಸಗಳಿಗೆ ಐದು ಕೋಟಿ ಡಾಲರ್‌ಗೂ ಜಾಸ್ತಿ ಕೊಡಲು ಕಂಪನಿ ಒಪ್ಪಿಕೊಂಡಿತು. ಲಾರಿಯದ್ದು ಡೀಸೆಲ್, ನಮ್ಮದು ಪೆಟ್ರೋಲ್. ಆ ಜಾಗ ಬೇಡವೇ ಬೇಡ ಅಂದುಕೊಂಡೆ.

ಬೆಡ್ ಒಳಗೆ ರೇಸಿಂಗ್ ಗಾಡಿಯ ಫ್ಯೂಯೆಲ್ ಸೆಲ್ (ಅವರ ಗಟ್ಟಿ ಟ್ಯಾಂಕು) ಇಡಬಹುದು. ಅರ್ಧ ದಿನದ ಕೆಲಸ. ಆದರೆ ನಾನು ಈ ಗಾಡಿಯಲ್ಲಿ ಮಣ್ಣು, ಗೊಬ್ಬರ, ಮರ ಎಲ್ಲ ಹೊರುತ್ತೇನೆ, ಶೋಗೆ ಇಟ್ಟ ಗಾಡಿಯಲ್ಲ. ಹಳೇ ಫೋರ್ಡ್ ಮಸ್ಟಾಂಗ್‌ನ ಟ್ಯಾಂಕನ್ನು ಬೆಡ್ ನೆಲ ಕೊಯ್ದು ಮೇಲಿನಿಂದ ಇಳಿಬಿಡುವವರಿದ್ದಾರೆ. ಹದಿನಾರು ಗ್ಯಾಲನ್ ಈ ಎಂಜಿನ್‌ಗೆ ಯಾವ ಮೂಲೆಗೆ? ಹೌಸಿಂಗಿನ ಮುಂದೆ ಇಡೋಣ ಅಂದರೆ ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಲ್ ಹಿಡಿದಿಡುವ ಟ್ರೇಲಿಂಗ್ ಆರ್ಮ್, ಅದರ ಕ್ರಾಸ್ ಮೆಂಬರ್ (ಅಡ್ಡ ತೊಲೆ), ನಡುವೆ ಪ್ರೊಪೆಲ್ಲರ್ ಶಾಫ್ಟ್. ಉಳಿದದ್ದು ಹಿಂದಿನ ಜಾಗ, ಸ್ಟೆಪ್ನಿ ನೇತಾಡುವ ಕಡೆ. 1973ರ ನಂತರದ ಬ್ಲೇಜರ್ (ಷೆವ್ರೊಲೆಯದೇ ಜೀಪಿನಂಥ ಗಾಡಿ) ಟ್ಯಾಂಕು ಅಲ್ಲಿ ಕೂರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. 31 ಗ್ಯಾಲನ್ನಿನದು ಕೆಳಗೆ ಜಾಸ್ತಿ ಜೋಲುತ್ತದೆ, ಅದಕ್ಕೆ 25ರದ್ದು ತಂದೆ. ಉಕ್ಕಿನದು, ಸುಮಾರು 240 ಡಾಲರ್.

ಇಲ್ಲಿಂದ ಬುದ್ಧಿವಾದಗಳು ಶುರುವಾದವು. ಮೊದಲನೆಯದು, "ಪಿಂಟೊ ಮರೆತೆಯಾ ಗುರು?" ಫೋರ್ಡ್ ಪಿಂಟೊದ ಟ್ಯಾಂಕೂ ಹೌಸಿಂಗಿನ ಹಿಂದೆಯೇ ಇತ್ತು, 1978ರಲ್ಲಿ ಗಾಡಿಗಳನ್ನು ವಾಪಸ್ ಕರೆಸಬೇಕಾಯಿತು, ನಿಜ. ಆದರೆ ಅದು ಗಿಡ್ಡ ಹಿಂಭಾಗದ ಸಣ್ಣ ಕಾರು, ಹಿಂದಿನಿಂದ ಗುದ್ದಿದರೆ ಟ್ಯಾಂಕು ಸೀದಾ ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ನ ಬೋಲ್ಟುಗಳ ಮೇಲೆ ಹೋಗಿ ಬೀಳುತ್ತಿತ್ತು. ಇಲ್ಲಿ ಎರಡೂ ಕಡೆ ದಪ್ಪ ಚಾನೆಲ್, ಹಿಂದೆ ಕ್ರಾಸ್ ಮೆಂಬರ್, ಅದರ ಹಿಂದೆ ಟ್ರೈಲರ್ ಎಳೆಯುವ ಹಿಚ್‌ನ ಕಬ್ಬಿಣ. ಅಪಾಯವೇ ಇಲ್ಲ ಅನ್ನುವುದಿಲ್ಲ. ನನ್ನ ಬೆನ್ನ ಹಿಂದೆ ಇರುವುದಕ್ಕಿಂತ ವಾಸಿ.

ಹಾಗಂತ ಡಿಫರೆನ್ಷಿಯಲ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈ ಗಾಡಿಯಲ್ಲಿ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಕೂಡ ಹೌಸಿಂಗಿನ ಹಿಂದೆಯೇ ಇದೆ. ಲೋಡ್ ಬಿದ್ದು ಹೌಸಿಂಗ್ ಮೇಲೆ ಬಂದಾಗ ಟ್ಯಾಂಕಿಗೂ ಅದಕ್ಕೂ ಎಷ್ಟು ಅಂತರ ಉಳಿಯುತ್ತದೆ? ಟೇಪು ಹಿಡಿದು ಅಳೆದರೆ ನಿಂತ ಗಾಡಿಯ ಲೆಕ್ಕ ಸಿಗುತ್ತದೆ ಅಷ್ಟೇ. ಅದಕ್ಕೆ ರಟ್ಟು ಕತ್ತರಿಸಿ ಟ್ಯಾಂಕಿನ ಅಳತೆಯದೇ ಡಬ್ಬ ಮಾಡಿದೆ. ಒಳಗೆ ಪ್ಲೈವುಡ್ ತುಂಡುಗಳ ಆಸರೆ ಕೊಟ್ಟು ಪಟ್ಟಿ ಹಾಕಿ ಕಟ್ಟಿದೆ. ಅದರ ಮುಂಭಾಗಕ್ಕೆ ಅಡುಗೆಮನೆಯಿಂದ ತಂದ ಚಪಾತಿ ಹಿಟ್ಟಿನ ಉಂಡೆಗಳನ್ನು ಸಾಲಾಗಿ ಅಂಟಿಸಿದೆ, ಒಂದೊಂದೂ ಎರಡು ಇಂಚು ದಪ್ಪ. ಹಿಟ್ಟಿಗೆ ಎಣ್ಣೆ ಜಾಸ್ತಿ ಹಾಕಿ ನಾದಬೇಕು, ಇಲ್ಲದಿದ್ದರೆ ಈ ಬಿಸಿಲಿಗೆ ಒಣಗಿ ಉದುರುತ್ತದೆ. ಬೆಡ್ ಮೇಲೆ ನಾನೂರು ಕೆಜಿಯಷ್ಟು ಕಾಂಕ್ರೀಟ್ ಮೂಟೆ ಹೇರಿಕೊಂಡು ಊರಾಚೆಯ ರೈಲ್ವೆ ಕ್ರಾಸಿಂಗ್ ಮೇಲೆ ಸ್ವಲ್ಪ ಜೋರಾಗಿಯೇ ದಾಟಿಸಿದೆ. ಮನೆಗೆ ಬಂದು ಕೆಳಗೆ ನುಸುಳಿ ನೋಡಿದರೆ ನಡುವಿನ ಉಂಡೆ ಚಪ್ಪಟೆಯಾಗಿ, ಮುಕ್ಕಾಲು ಇಂಚಷ್ಟೇ ಉಳಿದಿತ್ತು. ಅದರ ಮೇಲೆ ಡಿಫರೆನ್ಷಿಯಲ್ ಕವರಿನ ಬೋಲ್ಟ್ ತಲೆಯ ಅಚ್ಚು, ಆರು ಮೂಲೆಯೂ ಎಣಿಸುವಷ್ಟು ಸ್ಪಷ್ಟ. ಟ್ಯಾಂಕನ್ನು ಒಂದೂವರೆ ಇಂಚು ಹಿಂದೆ ಸರಿಸಿದೆ. ಸ್ಟೆಪ್ನಿ ಬೆಡ್ ಒಳಗೆ, ಕ್ಯಾಬ್ ಪಕ್ಕಕ್ಕೆ ಹೋಯಿತು. ಹಿಚ್‌ನ ಒಂದು ಬ್ರಾಕೆಟ್ ಕೊಯ್ದು ಮತ್ತೆ ವೆಲ್ಡ್ ಮಾಡಿಸಬೇಕಾಯಿತು, ಅದಕ್ಕೆ 80 ಡಾಲರ್.

ಬೆಡ್ ಎತ್ತುವ ದಿನ ಗೆಳೆಯರನ್ನು ಬಿಸಿಬೇಳೆಬಾತಿನ ಆಸೆ ತೋರಿಸಿ ಕರೆಸಿದೆ. ಬೋಲ್ಟುಗಳು ಎಂಟೇ, ಆದರೆ ಅರ್ಧಕ್ಕರ್ಧ ತುಕ್ಕು ಹಿಡಿದು ಸುಮ್ನೆ ತಿರುಗುತ್ತಿದ್ದವು, ಗ್ರೈಂಡರ್ ಹಿಡಿಯಬೇಕಾಯಿತು. ಹಳೇ ಟ್ಯಾಂಕು, ಪೆಟ್ರೋಲ್ ಡಬ್ಬ ಎಲ್ಲವನ್ನೂ ಗ್ಯಾರೇಜಿನಿಂದ ಆಚೆ ಸಾಗಿಸಿದ ಮೇಲೇ ಕಿಡಿ ಹಾರಿಸಿದ್ದು. ಹೊಸ ಟ್ಯಾಂಕಿನ ಪಟ್ಟಿಗಳ ಕೆಳಗೆ ಕನ್ವೇಯರ್ ಬೆಲ್ಟ್ ರಬ್ಬರ್ ತುಂಡು ಇಟ್ಟೆ. ಸೈಕಲ್ ಟ್ಯೂಬ್ ಹಾಕಿದರೆ ಆರು ತಿಂಗಳಿಗೆ ಜಾರಿ ಬರುತ್ತದೆ.

ಈಗ ಪಂಪಿನ ಕಥೆ. ನನ್ನ ವಾದ ಸರಳ: 1969ರ ಬ್ಲೇಜರ್‌ನಲ್ಲಿ ಟ್ಯಾಂಕು ಹಿಂದೆಯೇ ಇತ್ತು, ಪಂಪು ಎಂಜಿನ್ ಪಕ್ಕದ್ದೇ. ಅದು ಓಡಿಲ್ಲವಾ? ಅನುಮಾನ ಇದ್ದದ್ದು ಬಿಸಿಲಿನ ಬಗ್ಗೆ. ಹನ್ನೆರಡು ಅಡಿ ಪೈಪು ಎಳೆತದಲ್ಲೇ ಇರುತ್ತದೆ, ಅಲ್ಲಿ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಮೊದಲ ಸಲ ಒಂದೇ ಪೈಪು ಎಳೆದು ನೋಡಿದೆ. ಬೆಳಗ್ಗೆ ಓಟ ಬೆಣ್ಣೆ ಹಾಗೆ. ಮಧ್ಯಾಹ್ನ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಒಂದು ಸಿಗ್ನಲ್ ದಾಟುವಷ್ಟರಲ್ಲಿ ಕೆಮ್ಮು, ಆಮೇಲೆ ಮೌನ. ಒಮ್ಮೆ ಟೋ ಟ್ರಕ್ಕಿಗೆ 120 ಡಾಲರ್ ತೆತ್ತೆ. "ಹೇಳಿದ್ವಲ್ಲ" ಎನ್ನುವ ಫೋನುಗಳು ಬಂದವು.

ಎಲೆಕ್ಟ್ರಿಕ್ ಪಂಪ್ ತರಲಿಲ್ಲ, ಹಟಕ್ಕೆ ಬಿದ್ದೆ. ಪಂಪಿಗೂ ಕಾರ್ಬುರೇಟರಿಗೂ ನಡುವೆ ಮೂರು ಮೂತಿಯ ಫಿಲ್ಟರ್ ಹಾಕಿದೆ. ಮೂರನೇ ಮೂತಿಯಿಂದ ಕಾಲು ಇಂಚಿನ ಪೈಪು ವಾಪಸ್ ಟ್ಯಾಂಕಿಗೆ. ಪೆಟ್ರೋಲು ಸದಾ ಸುತ್ತು ಹೊಡೆಯುತ್ತಿದ್ದರೆ ಬಿಸಿ ಪೆಟ್ರೋಲೂ ಆವಿಯೂ ಹಿಂದಕ್ಕೆ ಹೋಗುತ್ತವೆ, ತಣ್ಣನೆಯದು ಮುಂದಕ್ಕೆ ಬರುತ್ತದೆ. ಆ ಕಾಲದ ಎಸಿ ಕಾರುಗಳಲ್ಲಿ ಕಂಪನಿಯವರೇ ಹೀಗೆ ಮಾಡುತ್ತಿದ್ದರು. ಇದಕ್ಕೆ ರಿಟರ್ನ್ ಮೂತಿ ಇರುವ ಸೆಂಡರ್ ಬೇಕು, 70 ಡಾಲರ್ ಆಸುಪಾಸು. ಮುಖ್ಯ ಪೈಪು 3/8 ಇಂಚಿನ ತಾಮ್ರ-ನಿಕ್ಕಲ್, ಸೈಲೆನ್ಸರ್ ಇಲ್ಲದ ಕಡೆಯ ಚಾನೆಲ್ ಒಳಬದಿಯಲ್ಲಿ. ರಿಟರ್ನ್ ಪೈಪಿನ ತೂತು ಎಷ್ಟು ಸಣ್ಣದಿರಬೇಕು ಎಂಬುದರಲ್ಲೇ ಆಟ ಇರುವುದು. ದೊಡ್ಡದಾದರೆ ಹೈವೇ ಏರಿನಲ್ಲಿ ಕಾರ್ಬುರೇಟರ್ ಬರಿದಾಗುತ್ತದೆ, ಸಣ್ಣದಾದರೆ ಹಾಕಿಯೂ ಪ್ರಯೋಜನವಿಲ್ಲ. ನಾನು ಹಾಕಿದ ಅಳತೆ ಇಲ್ಲಿ ಬರೆಯುವುದಿಲ್ಲ. ಮೂರು ವಾರಾಂತ್ಯ ತಿಂದ ಲೆಕ್ಕ ಅದು, ಗಾಡಿ ತಂದು ಎದುರು ನಿಲ್ಲಿಸಿದವರಿಗೆ ಹೇಳುತ್ತೇನೆ. ಫಿಲ್ಟರಿಗೆ ಬಿಸಿ ತಾಗದಂತೆ ಮಾಡಿದ್ದೂ ಅಷ್ಟೇ.

ಮಧ್ಯೆ ಒಂದು ಕೆಲಸಕ್ಕೆ ಬಾರದ ಪ್ರಯೋಗವನ್ನೂ ಮಾಡಿದೆ. ಇಲ್ಲಿನ ಪೆಟ್ರೋಲಿನಲ್ಲಿ ಹತ್ತು ಪರ್ಸೆಂಟ್ ಎಥನಾಲ್ ಇರುತ್ತದಲ್ಲ, ಡಬ್ಬದಲ್ಲಿ ಬಿದ್ದಿದ್ದ ಹಳೇ ಹೋಸು, ಸಾಮಾನ್ಯ ಹೋಸು, ಇಂಜೆಕ್ಷನ್ ಗಾಡಿಯ ಹೋಸು ಮೂರರ ತುಂಡುಗಳನ್ನೂ ಗಾಜಿನ ಬಾಟಲಿಯಲ್ಲಿ ಒಂದೂವರೆ ತಿಂಗಳು ನೆನೆ ಹಾಕಿದೆ. ಹಳೆಯದನ್ನು ಮುಟ್ಟಿದರೆ ಕೈಗೆ ಕಾಡಿಗೆ. ಸಾಮಾನ್ಯದ್ದು ಊದಿಕೊಂಡು ಮೆತ್ತಗಾಯಿತು. ಮೂರನೆಯದು ಹಾಕಿದ ಹಾಗೇ ಇತ್ತು. ಅದು ಒಂದು ಅಡಿ ಉದ್ದಕ್ಕೆ ಎರಡು ಮೂರು ಡಾಲರ್ ಜಾಸ್ತಿ ಬಿತ್ತು, ಕೊಟ್ಟುಬಿಡಿ.

ಪಂಪಿಗಿಂತ ಜಾಸ್ತಿ ತಲೆ ತಿಂದದ್ದು ಫಿಲ್ಲರ್. ಬೆಡ್ ಪಕ್ಕದ ತಗಡು ಕೊಯ್ದು ಬಾಗಿಲು ಮಾಡುವವರಿದ್ದಾರೆ, ನನಗೆ ಐವತ್ತು ವರ್ಷದ ತಗಡಿಗೆ ಬ್ಲೇಡು ಇಡಲು ಮನಸ್ಸಾಗಲಿಲ್ಲ. ನಂಬರ್ ಪ್ಲೇಟ್ ಹಿಂದೆ ಇಡೋಣ ಅಂದರೆ ತೀರಾ ತಗ್ಗು, ಗುದ್ದಿದರೆ ಮೊದಲು ಸಿಗುವುದೂ ಅದೇ. ಬೆಡ್ಡಿನ ಮರದ ನೆಲದ ಎಡ ಮೂಲೆಯಲ್ಲಿ ಮಟ್ಟಸವಾದ ಮುಚ್ಚಳ ಕೂರಿಸಿದೆ. ನೋಡಲು ಚೆಂದ. ಬಂಕಿನಲ್ಲಿ ನಳಿಕೆ ಇಟ್ಟರೆ ಅರ್ಧ ಗ್ಯಾಲನ್ನಿಗೊಮ್ಮೆ ಟಕ್ ಅಂತ ನಿಲ್ಲುತ್ತಿತ್ತು. ಹಿಂದೆ ನಿಂತವರ ಹಾರ್ನ್ ಬೇರೆ. ಟ್ಯಾಂಕಿನೊಳಗಿನ ಗಾಳಿ ಹೊರಗೆ ಬರಲು ಜಾಗ ಸಾಲುತ್ತಿರಲಿಲ್ಲ. ಗಾಳಿಯ ಹೋಸನ್ನು ಅರ್ಧ ಇಂಚಿನಿಂದ 5/8ಕ್ಕೆ ಏರಿಸಿದೆ, ದೊಡ್ಡ ಹೋಸಿನ 90 ಡಿಗ್ರಿ ತಿರುವು ತೆಗೆದು ಎರಡು 45 ಮಾಡಿದೆ, ಎಲ್ಲೂ ಹೊಟ್ಟೆ ಬಿಡದಂತೆ ಇಳಿಜಾರು ಕೊಟ್ಟೆ. ಈಗ ಪೂರ್ತಿ ಒತ್ತಿ ಹಿಡಿದರೂ ನಿಲ್ಲುವುದಿಲ್ಲ. ಟ್ಯಾಂಕಿನ ವೆಂಟ್‌ಗೆ ರೋಲ್‌ಓವರ್ ವಾಲ್ವ್ (ಗಾಡಿ ಉರುಳಿದರೆ ಪೆಟ್ರೋಲ್ ಚೆಲ್ಲದಂತೆ ಮುಚ್ಚಿಕೊಳ್ಳುವುದು) ಇದೆ, ಅದಿಲ್ಲದೆ ರಸ್ತೆಗಿಳಿಸಬೇಡಿ. ಬೆಡ್ ವಿಷಯ ಬಂದದ್ದಕ್ಕೆ ಇನ್ನೊಂದು: ಪ್ಲಾಸ್ಟಿಕ್ ಲೈನರ್ ಮೇಲೆ ಕ್ಯಾನ್ ಇಟ್ಟು ಪೆಟ್ರೋಲ್ ತುಂಬಬೇಡಿ, ಸ್ಟ್ಯಾಟಿಕ್ ಕಿಡಿಗೆ ಬೆಂಕಿ ಹತ್ತುತ್ತದೆ. ಕೆಳಗೆ ನೆಲಕ್ಕಿಟ್ಟು ತುಂಬಿ.

ಪೆಟ್ರೋಲ್ ಮೀಟರ್ ಬಗ್ಗೆ ಎರಡು ಮಾತು. ಈ ಗಾಡಿಗೆ 0ದಿಂದ 90 ಓಮ್‌ನ ಸೆಂಡರ್ ಸರಿ, 1964ರ ಹಿಂದಿನ ಗಾಡಿಗಳಿಗೆ 30ರದ್ದು. ಫೋರ್ಡಿನದ್ದು ಉಲ್ಟಾ, ಅದರ ಸೆಂಡರ್ ಹಾಕಿದರೆ ಟ್ಯಾಂಕ್ ತುಂಬಿದಾಗ ಮುಳ್ಳು ಕೆಳಗೆ ಇಳಿಯುತ್ತದೆ. ಗ್ಯಾಲನ್ ಗ್ಯಾಲನ್ನಾಗಿ ಸುರಿದು ಗುರುತು ಹಾಕಿಕೊಂಡೆ: ಮುಳ್ಳು ಅರ್ಧ ತೋರಿಸಿದರೆ ಒಳಗೆ ಹತ್ತಿರ ಹತ್ತಿರ ಹದಿನಾಲ್ಕು ಇರುತ್ತದೆ.

ಒಟ್ಟು ಖರ್ಚು ಎಂಟುನೂರು ಡಾಲರ್ ಆಸುಪಾಸು, ಮೊದಲು ಕ್ಯಾಬ್ ಟ್ಯಾಂಕಿಗೆ ಸುರಿದ 350 ಬಿಟ್ಟು. ಇದೇ ಕೆಲಸಕ್ಕೆ ಒಂದು ಅಂಗಡಿಯವರು ಕೇಳಿದ್ದು ಎರಡು ಸಾವಿರದ ಮೇಲೆ, ಅದೂ ಎಲೆಕ್ಟ್ರಿಕ್ ಪಂಪ್ ಹಾಕಿದರೆ ಮಾತ್ರ ಅಂತೆ. ಸೀಟು ಮೂರು ಇಂಚು ಹಿಂದೆ ಹೋಗಿದೆ, ಹಿಂದೆ ಟೂಲ್ಸ್ ಇಡಲು ಜಾಗ ಸಿಕ್ಕಿದೆ. ಕ್ಯಾಬ್ ಪಕ್ಕದ ಹಳೇ ಮುಚ್ಚಳವನ್ನು ತೆಗೆಯಲಿಲ್ಲ, ಒಳಗಿನಿಂದ ತಗಡು ಹಾಕಿ ಮುಚ್ಚಿದ್ದೇನೆ. ನೋಡಿದವರಿಗೆ ಗಾಡಿ ಅಂದಿನ ಹಾಗೇ ಕಾಣುತ್ತದೆ.

ಒಂದು ಮಾತ್ರ ಬಾಕಿ ಇದೆ. ಟ್ಯಾಂಕಿನಲ್ಲಿ ನಾಲ್ಕು ಗ್ಯಾಲನ್ನಿಗಿಂತ ಕಡಿಮೆ ಇದ್ದು ಹೈವೇಯ ಉದ್ದನೆಯ ಎಡ ತಿರುವು ಹತ್ತಿದರೆ ಎಂಜಿನ್ ಒಂದು ಕ್ಷಣ ತಡವರಿಸುತ್ತದೆ, ಪೆಟ್ರೋಲು ಬಲಕ್ಕೆ ಸರಿದು ಎಳೆಯುವ ಪೈಪು ಗಾಳಿ ಕುಡಿಯುತ್ತದೆ. ಸೆಂಡರ್ ಸುತ್ತ ಒಂದು ಬಟ್ಟಲಿನಂಥದ್ದನ್ನು ಕೂರಿಸುವ ಯೋಚನೆ ಇದೆ. ಚಳಿಗಾಲಕ್ಕೆ ಟ್ಯಾಂಕು ಮತ್ತೆ ಇಳಿಸುತ್ತೇನೆ. ಅಲ್ಲಿಯವರೆಗೆ ಮುಳ್ಳು ಕಾಲು ಭಾಗಕ್ಕೆ ಬರುತ್ತಿದ್ದಂತೆ ಬಂಕಿಗೆ ತಿರುಗಿಸುತ್ತಿದ್ದೇನೆ.