ಆ ಬಿಳಿ ಬರೆಯ ಮುಂದೆ

ಕಳೆದ ಫೆಬ್ರವರಿಯಲ್ಲಿ ನಾನು ಮತ್ತು ನನ್ನ ಚಿಕ್ಕಮ್ಮನ ಮಗ (ನನಗೆ ತಮ್ಮ) ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಒಂದು ವಾರ ಸ್ಕೀ ಟೂರಿಂಗ್ ಮಾಡಿ ಬಂದೆವು. ರೋಬಸ್ಟಾ ಕಾಫಿ ಕೊಯ್ಲಿನ ಮಧ್ಯೆ ತೋಟ ಬಿಟ್ಟು ಹೋಗುವುದು ಸುಲಭವಲ್ಲ. ಅಣ್ಣ ಎಲ್ಲ ನೋಡಿಕೊಳ್ಳುತ್ತೇನೆ ಅಂದ, ಅದರಿಂದ ಆಯಿತು. ಹಿಮವೇ ಬೀಳದ ಕೊಡಗಿನಲ್ಲಿ ಇದಕ್ಕೆ ತಯಾರಿ ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾಮೂಲಿ ಸ್ಕೀಯಿಂಗ್‌ನಲ್ಲಿ ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ಜಾರಿಕೊಂಡು ಇಳಿಯುತ್ತೇವೆ. ಟೂರಿಂಗ್‌ನಲ್ಲಿ ಹತ್ತುವುದೂ ನಮ್ಮ ಕಾಲಿನಲ್ಲೇ. ಸ್ಕೀಯ ತಳಕ್ಕೆ 'ಸ್ಕಿನ್' ಅನ್ನುವ ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಬೆಕ್ಕಿನ ಬೆನ್ನು ಸವರಿದ್ದೀರಲ್ವಾ? ತಲೆಯಿಂದ ಬಾಲದ ಕಡೆಗೆ ನುಣುಪು, ತಿರುಗಿಸಿ ಸವರಿದರೆ ಒರಟು. ಸ್ಕಿನ್ ಕೂಡ ಹಾಗೇ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಹತ್ತುವಾಗ ಬೂಟಿನ ಹಿಮ್ಮಡಿ ಸ್ಕೀಗೆ ಬಿಗಿದಿರುವುದಿಲ್ಲ. ಮೇಲೆ ತಲುಪಿದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿ ಬಿಗಿದು, ಇಳಿಯುವುದು.

ನಮ್ಮ ಮನೆ ಕಕ್ಕಬ್ಬೆಯ ಹತ್ತಿರ. ತಡಿಯಂಡಮೋಳ್ ಕಣ್ಣೆದುರೇ ಇದೆ. ನವೆಂಬರ್‌ನಿಂದ ವಾರಕ್ಕೊಮ್ಮೆ ಬೆನ್ನಿಗೆ 12 ಕೆಜಿ ಚೀಲ ಹಾಕಿಕೊಂಡು ಹತ್ತಿ ಇಳಿದೆವು. ಹತ್ತುವುದಕ್ಕಿಂತ ಇಳಿಯುವುದಕ್ಕೇ ಜಾಸ್ತಿ ಗಮನ ಕೊಡಿ ಅಂತ ನನ್ನ ಸಲಹೆ. ಸ್ಕೀ ಮೇಲೆ ನಿಮ್ಮನ್ನು ಹಿಡಿದು ನಿಲ್ಲಿಸುವುದು ತೊಡೆ. ಅದು ಬಲವಾಗುವುದು ಇಳಿಜಾರಿನಲ್ಲೇ. ಆದರೆ ಎತ್ತರದ ಗಾಳಿಗೆ ಇಲ್ಲಿ ಯಾವ ಅಭ್ಯಾಸವೂ ಆಗುವುದಿಲ್ಲ. ತಡಿಯಂಡಮೋಳ್ ಕೊಡಗಿಗೇ ಎತ್ತರದ ಬೆಟ್ಟ, 1,748 ಮೀಟರ್. ಗುಲ್ಮಾರ್ಗ್‌ನಲ್ಲಿ ನಾವು ಮಲಗುತ್ತಿದ್ದ ಜಾಗವೇ ಸುಮಾರು 2,650 ಮೀಟರ್. ಮೊದಲ ರಾತ್ರಿ ಇಬ್ಬರಿಗೂ ತಲೆನೋವು, ನಿದ್ದೆ ಇಲ್ಲ. ಎರಡು ದಿನ ಮೊದಲೇ ಹೋಗಿ ಸುಮ್ನೆ ಓಡಾಡಿಕೊಂಡಿದ್ದರಿಂದ ಬಚಾವಾದೆವು.

ಇದು ಮಧ್ಯಮ ಹಂತದವರ ವಾರ. ಸ್ಕೀ ಮೇಲೆ ನಿಲ್ಲುವುದನ್ನು ಆ ವಾರದಲ್ಲೇ ಕಲಿಯಲು ಆಗುವುದಿಲ್ಲ. ನಾವು ಅದಕ್ಕೂ ಮೊದಲು ಎರಡು ಚಳಿಗಾಲ ಉತ್ತರಾಖಂಡದ ಔಲಿಯಲ್ಲಿ ಕಲಿತಿದ್ದೆವು. ಸಾಮಾನಿನಲ್ಲಿ ಬೂಟು ಮಾತ್ರ ಸ್ವಂತದ್ದು ತಗೊಳ್ಳಿ, ಉಳಿದದ್ದೆಲ್ಲ ಬಾಡಿಗೆಗೆ ಸಾಕು. ಕಾಲಿಗೆ ಕೂರದ ಬೂಟು ಎರಡನೇ ದಿನವೇ ವಾರವನ್ನು ಮುಗಿಸಿಬಿಡುತ್ತದೆ.

ಮೊದಲ ದಿನ ಗೈಡ್ ನಮ್ಮನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಲೇ ಇಲ್ಲ. ಇಡೀ ದಿನ ಹಿಮದಡಿ ಹೂತವರನ್ನು ಹುಡುಕುವ ಅಭ್ಯಾಸ. ಎಲ್ಲರ ಎದೆಗೂ ಒಂದು ಟ್ರಾನ್ಸೀವರ್, ಅಂದರೆ ಸಿಗ್ನಲ್ ಬಿಡುವ, ಹಿಡಿಯುವ ಪುಟ್ಟ ಯಂತ್ರ, ಕಟ್ಟಿರುತ್ತದೆ. ಯಾವ ಕಂಪನಿಯದಾದರೂ 457 ಕಿಲೋಹರ್ಟ್ಸ್‌ನಲ್ಲೇ ಸಿಗ್ನಲ್ ಬಿಡುತ್ತದೆ, ಹಾಗಾಗಿ ಯಾರು ಯಾರನ್ನೂ ಹುಡುಕಬಹುದು. ಬ್ಯಾಗಿನಲ್ಲಿ ಹಿಮಕ್ಕೆ ಚುಚ್ಚಿ ನೋಡಲು ಮಡಚುವ ಉದ್ದನೆಯ ಕೋಲು, ತೋಡಲು ಒಂದು ಸಲಿಕೆ. ಹಿಮ ಕುಸಿದು ಒಬ್ಬರು ಹೂತುಹೋದರೆ ಮೊದಲ ಹದಿನೈದು ನಿಮಿಷವೇ ಮುಖ್ಯ, ಆಮೇಲೆ ಬದುಕುವ ಸಾಧ್ಯತೆ ಬೇಗ ಬೇಗ ಕಡಿಮೆಯಾಗುತ್ತದೆ. ಗೈಡ್ ಹೂತಿಟ್ಟ ಚೀಲ ಹುಡುಕಿ ತೆಗೆಯಲು ನಮಗೆ ಮೊದಲ ಸಲ ಹನ್ನೊಂದು ನಿಮಿಷ ಬೇಕಾಯಿತು. ಸಂಜೆ ಹೊತ್ತಿಗೆ ಐದಕ್ಕೆ ಇಳಿಯಿತು. ತಮ್ಮ ಇನ್ನೊಂದು ಸಲ, ಇನ್ನೊಂದು ಸಲ ಅಂತ ಬಿಡಲೇ ಇಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು.

ಎರಡು, ಮೂರನೇ ದಿನ ಫರ್ ಮರಗಳ ಮಧ್ಯೆ ಹತ್ತಿ ಇಳಿದೆವು. ಕಡಿದಾದ ಜಾಗದಲ್ಲಿ ಒಂದೊಂದೇ ಸ್ಕೀ ಎತ್ತಿ ದಿಕ್ಕು ಬದಲಿಸುವ ಕಿಕ್ ಟರ್ನ್ ನನಗೆ ಕಷ್ಟವಾಯಿತು. ಒಂದು ತಪ್ಪೂ ಮಾಡಿದೆ. ಕಿತ್ತ ಸ್ಕಿನ್ ಅನ್ನು ಹಿಮದ ಮೇಲೆ ಇಟ್ಟುಬಿಟ್ಟೆ. ಅಂಟಿಗೆ ಹಿಮ ಕೂತು ಮುಂದಿನ ಏರಿನಲ್ಲಿ ಅದು ಹಿಡಿಯಲೇ ಇಲ್ಲ. ಅದನ್ನು ಸ್ಕೀಗೆ ಬೇರೆ ಪಟ್ಟಿಯಿಂದ ಸುತ್ತಿ ಹೇಗೋ ಮುಗಿಸಿದೆ. ಆಮೇಲೆ ಪ್ರತಿ ಸಲ ಮಡಚಿ ಜಾಕೆಟ್ ಒಳಗೆ, ಮೈಗೆ ತಾಗಿಸಿ ಇಟ್ಟುಕೊಂಡೆ. ಫ್ಲಾಸ್ಕಿನಲ್ಲಿ ನಮ್ಮ ಬೆಲ್ಲದ ಕಾಫಿ. ಗೈಡ್ ತಮ್ಮ ಕಹ್ವಾ (ಕಾಶ್ಮೀರಿ ಚಹಾ) ಕೊಟ್ಟು ನಮ್ಮ ಕಾಫಿ ತಗೊಳ್ಳುತ್ತಿದ್ದರು.

ನಾಲ್ಕನೇ ದಿನ ಪೂರ್ತಿ ಹಿಮ ಸುರಿಯಿತು, ಜೊತೆಗೆ ಗಾಳಿ. ಐದನೇ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಅಫರ್ವತ್ ಬೆಟ್ಟದ ಕಡೆಯ ಒಂದು ಇಳಿಜಾರಿನ ಪಕ್ಕಕ್ಕೆ ಬಂದೆವು. ಒಂದು ಗೆರೆಯೂ ಬೀಳದ ಬಿಳಿ. ಇಷ್ಟು ದೂರ ಬಂದದ್ದು ಇದಕ್ಕೇ ಅನ್ನಿಸಿತು. ಸಪಾಟಾದ ಜಾಗದಲ್ಲಿ ಹೆಜ್ಜೆ ಇಡುವಾಗ ಕಾಲಡಿಯಲ್ಲಿ 'ಧುಂ' ಅಂತ ಸದ್ದಾಯಿತು. ಸ್ಕೀ ತುದಿಯಿಂದ ಒಂದು ಬಿರುಕು ಹರಿದು ಹೋಯಿತು.

ಗೈಡ್ ನಿಂತರು. ಸ್ವಲ್ಪ ಹಿಂದೆ ಹೋಗಿ ಗುಂಡಿ ತೋಡಿ, ಹಿಮದ ಒಂದು ಕಂಬ ಕಡಿದು, ಅದರ ಮೇಲೆ ಸಲಿಕೆ ಇಟ್ಟು ತಟ್ಟಿದರು. ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು ಸಲ, ಭುಜದಿಂದ ಹತ್ತು ಸಲ, ಹೀಗೆ ಲೆಕ್ಕ. ಮೊಣಕೈಯ ಎರಡನೇ ಪೆಟ್ಟಿಗೇ ಮೇಲಿನ ಪದರ ಹಲಗೆಯ ಹಾಗೆ ಜಾರಿ ಬಂತು. ಅದರ ಕೆಳಗೆ ಸಕ್ಕರೆಯಂಥ ಸಡಿಲ ಹರಳು. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅಳೆದು ನೋಡಿದರೆ ನಮ್ಮದು 35.

"ಅಕ್ಕ, ಬರೆ," ಅಂದ ತಮ್ಮ. ನಮ್ಮ ಕಡೆ ಕಡಿದಾದ ಮಣ್ಣಿನ ದಿಣ್ಣೆಗೆ ಬರೆ ಅನ್ನುತ್ತೇವೆ.

2018ರ ಆಗಸ್ಟ್‌ನಲ್ಲಿ ನಾನು ಕೊಡಗಿನ ಮಕ್ಕಂದೂರು ಕಡೆಯ ಚಿಕ್ಕಮ್ಮನ ಮನೆಯಲ್ಲಿದ್ದೆ. ದಿನಗಟ್ಟಲೆ ಬಿಡದ ಮಳೆ. ಮನೆ ಹಿಂದಿನ ಬರೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಂದಿತ್ತು, ಒರತೆಯ ನೀರು ಕೆಂಪಗೆ ಬರುತ್ತಿತ್ತು. ಚಿಕ್ಕಮ್ಮ ಅದನ್ನು ನೋಡಿ, "ಪಾತ್ರೆ ಪಗಡೆ ಇರಲಿ, ನಡೀರಿ," ಅಂದರು. ಸಂಜೆ ಹೊರಟೆವು. ಬೆಳಿಗ್ಗೆ ಅಡುಗೆಮನೆ ಇದ್ದ ಜಾಗದಲ್ಲಿ ಮಣ್ಣಿತ್ತು. ಮಣ್ಣು ಬೇರೆ, ಹಿಮ ಬೇರೆ. ಅಲ್ಲಿ ನೀರು ಕುಡಿದು ಭಾರವಾದ ಗುಡ್ಡ, ಇಲ್ಲಿ ಸಡಿಲ ಹರಳಿನ ಮೇಲೆ ಗಾಳಿ ತಂದು ಒತ್ತಿದ ಹಲಗೆ. ಆದರೆ ಆ ಬಿರುಕು ನೋಡಿದಾಗ ನಮ್ಮಿಬ್ಬರ ಹೊಟ್ಟೆಯಲ್ಲೂ ಅದೇ ತಣ್ಣಗಾಯಿತು.

ಗೈಡ್ ಬೇಡ ಅನ್ನುವ ಮೊದಲೇ ನಾವು ಸ್ಕೀ ತಿರುಗಿಸಿದ್ದೆವು. ಗುಂಪಿನಲ್ಲಿ ಒಬ್ಬರಿಗೆ ಬೇಜಾರಾಯಿತು. ದುಡ್ಡು ಕೊಟ್ಟು ಬಂದಿದ್ದೇವೆ, ಒಬ್ಬೊಬ್ಬರಾಗಿ ಇಳಿಯಬಹುದಲ್ವಾ ಅಂದರು. ಗೈಡ್ ವಾದ ಮಾಡಲಿಲ್ಲ, ಆ ಹರಳನ್ನು ಅವರ ಅಂಗೈಗೆ ಹಾಕಿದರು. ಒಳ್ಳೆಯ ಗೈಡ್‌ಗೆ ಕೊಡುವ ದುಡ್ಡು ಆ ಒಂದು ಬೆಳಿಗ್ಗೆಗೇ ಸಂದಿತು ಅಂತ ನನ್ನ ಲೆಕ್ಕ. ನೀವು ಹೋಗುವುದಾದರೆ ಬುಕ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಕಳೆದ ಸಲ ಯಾವಾಗ, ಯಾಕೆ ವಾಪಸ್ ಬಂದಿರಿ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಆರನೇ ದಿನ ಕಾಡಿನೊಳಗೆ, 25 ಡಿಗ್ರಿ ದಾಟದ ಇಳಿಜಾರಿನಲ್ಲಿ ಇಳಿದೆವು. ಮೊಣಕಾಲುದ್ದದ ಹೊಸ ಹಿಮ. ಮರ, ತಿರುವು, ಮರ, ತಿರುವು. ಸದ್ದೇ ಇಲ್ಲ. ಕೆಳಗೆ ತಮ್ಮ ಗಡ್ಡದ ತುಂಬ ಹಿಮ ಮೆತ್ತಿಕೊಂಡು ನಿಂತಿದ್ದ. ಫ್ಲಾಸ್ಕಿನಲ್ಲಿ ಕಾಫಿ ಇನ್ನೂ ಬಿಸಿ ಇತ್ತು. ಇಬ್ಬರೂ ಕುಡಿದೆವು. ಮತ್ತೆ ಸ್ಕಿನ್ ಅಂಟಿಸಿ ಹತ್ತಲು ಶುರು ಮಾಡಿದೆವು.